ಮೊದಲ ಬಹುಮಾನದ ಪ್ಯಾರಾ

ಇಂಗ್ಲಿಷ್ ಬರವಣಿಗೆಯಲ್ಲಿ ನನ್ನ ತಂಗಿಗೆ ಮೊದಲ ಬಹುಮಾನ ಬಂತು ಎಂದು ಮ್ಯಾನೇಜರು ಸಾರಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಅಂಗೈ ಉರಿಯುವಷ್ಟು ತಟ್ಟಿದೆ. ಇನ್ನೊಂದು ಗಳಿಗೆ ತಡೆದು, ಅವರು ಮುಂದೇನು ಹೇಳುತ್ತಾರೆಂದು ಕೇಳಿಸಿಕೊಂಡು ತಟ್ಟಬಹುದಿತ್ತು. ಆದರೆ ತಾಳ್ಮೆ ಎನ್ನುವುದು ನನಗೆ ಹುಟ್ಟಿನಿಂದಲೇ ಇಲ್ಲ. ನನ್ನ ಪಾಲಿನದನ್ನೂ ಸೇರಿಸಿ ಅಮ್ಮ ತಂಗಿಗೇ ಕೊಟ್ಟುಬಿಟ್ಟಿದ್ದಾಳೆ.

ನಾವಿಬ್ಬರೂ ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ದೊಡ್ಡ ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳು ಗಂಟುಗಂಟಾಗಿ ಬಂದು, ಒಗೆಸಿಕೊಂಡು, ಇಸ್ತ್ರಿಯಾಗಿ, ಸಂಜೆಗೆ ಮತ್ತೆ ವ್ಯಾನ್ ಹತ್ತುವ ಲಾಂಡ್ರಿ. ನಾನೂ ತಂಗಿಯೂ ರೋಲರ್ ಮುಂದೆ ನಿಲ್ಲುವವರು. ರೋಲರ್ ಎಂದರೆ ಸೊಂಟದೆತ್ತರದಲ್ಲಿ ತಿರುಗುವ, ಕಾದ ಉದ್ದನೆಯ ಉರುಳೆ. ಒದ್ದೆ ಬೆಡ್‌ಶೀಟಿನ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು, ಸುಕ್ಕಿಲ್ಲದಂತೆ ಎಳೆದು, ಅದರ ಬಾಯಿಗೆ ಕೊಡಬೇಕು. ಒಬ್ಬಳು ಸಡಿಲ ಬಿಟ್ಟರೆ ಇನ್ನೊಬ್ಬಳ ಕಡೆ ಮಡಿಕೆ ಬೀಳುತ್ತದೆ. ಚಿಕ್ಕಂದಿನಿಂದ ಎಳೆದಾಡಿಕೊಂಡೇ ಬೆಳೆದ ಅಕ್ಕತಂಗಿಯರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ಲಾಂಡ್ರಿಯ ಹಿಂದಿನ ರಸ್ತೆಯಲ್ಲೇ ನಮ್ಮ ಮನೆ. ಊಟದ ಗಂಟೆ ಹೊಡೆದದ್ದೇ ತಡ, ತಂಗಿ ಏಪ್ರನ್ ಬಿಚ್ಚಿ ನನ್ನ ಹೆಗಲ ಮೇಲೆ ಎಸೆದು ಓಡುತ್ತಿದ್ದಳು. ಮನೆಯಲ್ಲಿ ಅಮ್ಮನ ಮಡಿಲಲ್ಲಿ ಅವಳ ಮಗು ಪುಟ್ಟಿ ಹಸಿದು ಕಾಯುತ್ತಿರುತ್ತಿತ್ತು. ಇನ್ನೂ ಕೂರಲು ಬಾರದ ಕೂಸು, ಆದರೆ ಹಟದಲ್ಲಿ ಅಜ್ಜಿಯನ್ನೂ ಮೀರಿಸಿತ್ತು. ಬಾಟಲಿ ತೋರಿಸಿದರೆ ತುಟಿ ಬಿಗಿದು ಮುಖ ತಿರುಗಿಸುವುದು, ಚಮಚದಲ್ಲಿ ಹಾಕಿದರೆ ಉಗುಳುವುದು. "ಥೇಟ್ ದೊಡ್ಡಮ್ಮನೇ ಕಣೆ, ಯಾರ ಮಾತೂ ಕೇಳಲ್ಲ" ಎಂದು ಅಮ್ಮ ನನ್ನ ಮೇಲೆ ಹಾಕುತ್ತಿದ್ದಳು. ತಂಗಿಯ ಗಂಡ ದೂರದೂರಿಗೆ ಲಾರಿ ಓಡಿಸುವವನು. ಅವನು ಮನೆಯಲ್ಲಿರುವುದಕ್ಕಿಂತ ಫೋನಿನಲ್ಲಿರುವುದೇ ಹೆಚ್ಚು, ಅವನ ದುಡಿಮೆ ಅವನ ಲಾರಿಯ ಸಾಲಕ್ಕೇ ಸರಿ. ತಂಗಿ ಕೆಲಸ ಬಿಡುವಂತಿರಲಿಲ್ಲ, ಕೂಸಿಗೆ ಹಾಲು ಬಿಡಿಸುವಂತೆಯೂ ಇರಲಿಲ್ಲ. ಎರಡೂ ನಡೆಯುತ್ತಿದ್ದದ್ದು ಮನೆ ಹತ್ತಿರವಿದ್ದದ್ದರಿಂದ.

ನಮ್ಮ ಇಂಗ್ಲಿಷ್ ಪಾಠ ಶುರುವಾದದ್ದು ಒಂದು ಪರದೆಯ ದೆಸೆಯಿಂದ. ಬಿಸಿನೀರಿಗೆ ಹಾಕಬೇಡಿ ಎಂದು ಹೋಟೆಲಿನವರು ಆ ರೇಷ್ಮೆ ಪರದೆಗೆ ಇಂಗ್ಲಿಷಿನಲ್ಲಿ ಚೀಟಿ ಚುಚ್ಚಿ ಕಳಿಸಿದ್ದರು. ನಮ್ಮವರು ಚೀಟಿಯನ್ನು ಜೋಪಾನವಾಗಿ ತೆಗೆದಿಟ್ಟು, ಪರದೆಯನ್ನು ಕುದಿಯುವ ನೀರಿಗೆ ಹಾಕಿದರು. ಬಾಗಿಲೆತ್ತರ ಒಳಗೆ ಹೋದದ್ದು ಲಂಗದಷ್ಟಾಗಿ ಹೊರಗೆ ಬಂತು. ಆಮೇಲೆ ಮ್ಯಾನೇಜರು ಊಟದ ಕೋಣೆಯಲ್ಲಿ ಕರಿಹಲಗೆ ತೂಗುಹಾಕಿಸಿ, ಕೆಲಸ ಮುಗಿದ ಮೇಲೆ ಎಲ್ಲರೂ ಇಂಗ್ಲಿಷ್ ಕಲಿಯಬೇಕು, ವರ್ಷದ ಕೊನೆಗೆ ಪರೀಕ್ಷೆ ಕಟ್ಟಬೇಕು ಎಂದರು.

ಕಲಿಸಲು ಬಂದ ಮೇಷ್ಟ್ರು ಸಣಕಲು ಜೀವ, ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕು ಅನ್ನುವ ಹಾಗಿದ್ದರು. ಒಳ್ಳೆಯವರು. ಅಷ್ಟು ಒಳ್ಳೆಯವರಾಗಿರಬಾರದಿತ್ತು. ದಿನವಿಡೀ ನಿಂತು ದಣಿದು ಬಂದವರಿಗೆ ಕಷ್ಟ ಕೊಡಬಾರದು ಎಂದು ಎಲ್ಲವನ್ನೂ ಅವರೇ ಅಗಿದು ನಮ್ಮ ಬಾಯಿಗಿಡುತ್ತಿದ್ದರು. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದಂತೆ. ಯಾವುದಾದರೊಂದು ವಿಷಯ ಕೊಟ್ಟು, ಅದರ ಅನುಕೂಲಗಳ ಬಗ್ಗೆ ಒಂದು ಪ್ಯಾರಾ, ಅನನುಕೂಲಗಳ ಬಗ್ಗೆ ಒಂದು ಪ್ಯಾರಾ ಬರೆಯಿರಿ ಎನ್ನುತ್ತಾರಂತೆ.

"ಇದಕ್ಕೆಲ್ಲ ಹೆದರ್ಬೇಡಿ. ಮೊದಲ ಪ್ಯಾರಾದಲ್ಲಿ ಒಳ್ಳೇದನ್ನ ಹೇಳಿ. ಆಮೇಲೆ, 'ಇನ್ನೊಂದು ಕಡೆ ನೋಡಿದರೆ' ಅಂತ ಶುರು ಮಾಡಿ, ಕೆಟ್ಟದ್ದನ್ನ ಹೇಳಿ. ಕೊನೇ ವಾಕ್ಯ ನಾನು ಕೊಡ್ತೀನಿ, ಉರು ಹೊಡ್ಕೊಂಡ್ಬಿಡಿ" ಎಂದರು ಮೇಷ್ಟ್ರು.

ಆ ಕೊನೆಯ ವಾಕ್ಯವನ್ನು ಹಲಗೆಯ ಮೇಲೆ ದುಂಡಗೆ ಬರೆದರು. ಒಟ್ಟಿನಲ್ಲಿ ಹೇಳುವುದಾದರೆ, ಅನನುಕೂಲಗಳಿಗಿಂತ ಅನುಕೂಲಗಳೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ, ಎಂದು ಅದರ ಅರ್ಥ. ನಾವೆಲ್ಲ ಗಿಳಿಪಾಠ ಒಪ್ಪಿಸಿದೆವು. ಹಾಡಿದ ಹಾಗೆ ಹೇಳಿ ಹೇಳಿ, ಕಡೆಗೆ ರೋಲರ್ ಸದ್ದಿನ ತಾಳಕ್ಕೂ ಅದೇ ವಾಕ್ಯ ಬಾಯಿಗೆ ಬರುತ್ತಿತ್ತು.

ಆಮೇಲೆ ಬರೆದೇ ಬರೆದೆವು. ಮೊಬೈಲಿನ ಅನುಕೂಲ ಅನನುಕೂಲ, ಸೈಕಲ್ಲಿನ ಅನುಕೂಲ ಅನನುಕೂಲ, ನಾಯಿ ಸಾಕುವುದರ ಅನುಕೂಲ ಅನನುಕೂಲ. ನಮ್ಮಲ್ಲಿ ಬಟ್ಟೆ ಮಡಿಸುವ ಹೆಂಗಸೊಬ್ಬಳಿದ್ದಾಳೆ, ಬೆಳಗ್ಗೆ ಬಾಯಿ ತೆರೆದರೆ ಸಂಜೆಗೇ ಮುಚ್ಚುವುದು ಎಂದು ನಾವು ಅವಳನ್ನು ರೇಡಿಯೋ ಎನ್ನುತ್ತೇವೆ. ಅವಳು ಸಾಕಿದ ನಾಯಿ ಅವಳ ಭಾವನನ್ನು ಕಚ್ಚಿತ್ತು, ಅವಳ ಚಪ್ಪಲಿ ತಿಂದಿತ್ತು, ಪಕ್ಕದ ಮನೆಯವರ ಜೊತೆ ಮಾತು ಬಿಡಿಸಿತ್ತು. ಅದನ್ನೆಲ್ಲ ಬರೆದು, ಕೊನೆಗೆ ಅನುಕೂಲಗಳೇ ಹೆಚ್ಚು ಎಂದು ಮುಗಿಸಿದಳು. ಮೇಷ್ಟ್ರು ಸರಿ ಗುರುತು ಹಾಕಿ ಕೊಟ್ಟರು.

"ಅಲ್ಲ ಸಾರ್, ಇವಳ ನಾಯಿಯಿಂದ ಏನು ಅನುಕೂಲ ಆಯ್ತು?" ಎಂದು ನಾನು ತಡೆಯಲಾರದೆ ಕೇಳಿದೆ.

"ಪರೀಕ್ಷೆಯವರು ನಿಮ್ಮ ಮನಸ್ಸು ನೋಡಲ್ಲಮ್ಮ, ವಾಕ್ಯ ನೋಡ್ತಾರೆ" ಎಂದರು ಮೇಷ್ಟ್ರು.

"ಭಾವನ್ನ ಕಚ್ಚಿದ್ದೇ ಅನುಕೂಲ" ಎಂದಳು ರೇಡಿಯೋ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೀಗಿರುವಾಗ ಒಂದು ಸಂಜೆ ಮೇಷ್ಟ್ರು ಉಬ್ಬಿಕೊಂಡು ಬಂದರು. ಈ ಸಲದ ವಿಷಯವನ್ನು ಮ್ಯಾನೇಜರೇ ಕೊಟ್ಟಿದ್ದಾರೆ, ಚೆನ್ನಾಗಿ ಬರೆದವರಿಗೆ ಬಹುಮಾನವಂತೆ ಎಂದರು. ಹಲಗೆಯ ಮೇಲೆ ಬರೆದ ವಿಷಯ ಇದು: ಕೆಲಸದ ಸ್ಥಳ ಊರ ಹೊರಗೆ ಇರುವುದರ ಅನುಕೂಲಗಳು ಮತ್ತು ಅನನುಕೂಲಗಳು. ಸೈಕಲ್ ಆಯಿತು, ನಾಯಿ ಆಯಿತು, ಈಗ ಇದು ಎಂದು ನಾವು ಪೆನ್ನಿನ ಮುಚ್ಚಳ ತೆಗೆದೆವು. ಒಬ್ಬರ ತಲೆಗೂ ಬೇರೆ ಏನೂ ಹೊಳೆಯಲಿಲ್ಲ. ಮೇಷ್ಟ್ರಿಗೂ ಹೊಳೆಯಲಿಲ್ಲ.

ತಂಗಿ ಪೆನ್ನು ಕಚ್ಚಿಕೊಂಡು ಕೂತಳು. ಅವಳು ನಮ್ಮೆಲ್ಲರಿಗಿಂತ ಜಾಣೆ. ಹಲಗೆಯಿಂದ ಕದಿಯುತ್ತಿರಲಿಲ್ಲ, ಸ್ವಂತ ಉದಾಹರಣೆ ಹುಡುಕಿ ಬರೆಯುತ್ತಿದ್ದಳು. ಒಳ್ಳೆಯ ಗಾಳಿ, ವಿಶಾಲವಾದ ಜಾಗ, ವ್ಯಾನ್ ನಿಲ್ಲಿಸಲು ಅಂಗಳ ಎಂದು ಮೊದಲ ಪ್ಯಾರಾ ಮುಗಿಸಿದಳು. ಎರಡನೆಯದಕ್ಕೆ ನನ್ನನ್ನು ಕೇಳಿದಳು.

"ಅಕ್ಕಾ, ಊರಾಚೆ ಇದ್ರೆ ಏನು ತೊಂದ್ರೆ?"

"ಬಸ್ಸಲ್ಲಿ ಸೀಟ್ ಸಿಗಲ್ಲ ಅಂತ ಬರಿ."

"ಥೂ, ಅದನ್ನ ಎಲ್ಲರೂ ಬರೀತಾರೆ" ಎಂದವಳು, ಸ್ವಲ್ಪ ಹೊತ್ತು ಯೋಚಿಸಿ, ಮುಖ ಅರಳಿಸಿಕೊಂಡು ಬರೆದಳು. ಎಳೆ ಮಕ್ಕಳ ತಾಯಂದಿರು ಮಧ್ಯಾಹ್ನ ಮನೆಗೆ ಹೋಗಿ ಹಾಲು ಕುಡಿಸಲು ಆಗುವುದಿಲ್ಲ, ಕೂಸು ಸಂಜೆಯವರೆಗೆ ಹಸಿದು ಅಳುತ್ತದೆ. ಅದರ ಕೆಳಗೆ ಆ ಕೊನೆಯ ವಾಕ್ಯವನ್ನು ಒಂದೂ ಕಾಗುಣಿತ ತಪ್ಪಿಲ್ಲದೆ, ಮುತ್ತು ಪೋಣಿಸಿದಂತೆ ಇಳಿಸಿದಳು. ಮೇಷ್ಟ್ರು ಓದಿ, "ಭಾಳ ಒಳ್ಳೆ ಉದಾಹರಣೆ" ಎಂದು ಹಾಳೆಯ ಅಂಚಿನಲ್ಲಿ ನಕ್ಷತ್ರ ಹಾಕಿದರು.

ಆ ಹಾಳೆಗೇ ಬಹುಮಾನ ಬಂದದ್ದು. ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, ಮ್ಯಾನೇಜರು ತಂಗಿಯನ್ನು ಮುಂದೆ ಕರೆದು, ಓದಿಕೊಳ್ಳಲು ಇರಲಿ ಎಂದು ಒಂದು ಟೇಬಲ್ ಲ್ಯಾಂಪ್ ಕೊಟ್ಟರು. ನಾನು ಚಪ್ಪಾಳೆ ತಟ್ಟಿದೆ, ಎಲ್ಲರೂ ತಟ್ಟಿದರು. ತಂಗಿ ಲ್ಯಾಂಪನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡು ನಿಂತಿದ್ದಳು. ಮ್ಯಾನೇಜರು ಕೈಯೆತ್ತಿ ಸದ್ದು ನಿಲ್ಲಿಸಿದರು.

"ಈಗ ಇನ್ನೊಂದು ಸಂತೋಷದ ಸುದ್ದಿ. ನಮ್ಮ ಲಾಂಡ್ರಿ ಬರೋ ತಿಂಗಳಿಂದ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗುತ್ತೆ. ಯಜಮಾನರಿಗೆ ಬಹಳ ಅನುಮಾನ ಇತ್ತು, ಕೆಲಸದವರು ಒಪ್ತಾರೋ ಇಲ್ವೋ ಅಂತ. ನೀವು ಬರೆದದ್ದನ್ನೆಲ್ಲ ಕಳಿಸಿಕೊಟ್ಟೆ. ಒಬ್ಬರು, ಒಬ್ಬರಾದ್ರೂ ಬೇಡ ಅಂದಿಲ್ಲ! ಎಲ್ಲರೂ ಒಂದೇ ಮಾತು, ಅನುಕೂಲಗಳೇ ಹೆಚ್ಚು ಅಂತ."

ಯಾರೋ ಒಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಕೇಳಿದ್ದು ಸರಿಯೋ ತಪ್ಪೋ ಎಂದು ರೇಡಿಯೋ ಮುಖ ನೋಡಿದೆ. ಹುಟ್ಟಿದಾಗಿನಿಂದ ಸುಮ್ಮನಿರದ ಆ ಹೆಂಗಸು ಬಾಯಿ ತೆರೆದುಕೊಂಡು, ಮಾತೇ ಇಲ್ಲದೆ ಕೂತಿದ್ದಳು. ಮೇಷ್ಟ್ರು ಗೋಡೆ ಹಿಡಿದು ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ತಂಗಿ ಮಾತ್ರ ಇನ್ನೂ ನಗುತ್ತಲೇ ಇದ್ದಳು. ಸುದ್ದಿ ಅವಳ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಅದು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ತುಟಿಯ ನಗು ಇದ್ದ ಹಾಗೇ ಇತ್ತು, ಅದರ ಮೇಲಿನ ಕಣ್ಣುಗಳು ದೊಡ್ಡದಾಗುತ್ತಾ ಹೋದವು. ಅಂಥ ಮುಖ ನಾನು ಇನ್ನೊಮ್ಮೆ ನೋಡಲಾರೆ.

ಮ್ಯಾನೇಜರು ಹೊರಟದ್ದೇ, ನಾನು ತಂಗಿಯ ರಟ್ಟೆ ಹಿಡಿದು ಅವರ ಕೋಣೆಗೆ ಎಳೆದುಕೊಂಡು ಹೋದೆ. ಮೇಷ್ಟ್ರು ಹಿಂದೆಯೇ ಓಡಿಬಂದರು.

"ಏನ್ ಸಾರ್ ಇದು? ಕೇಳದೆ ಮಾಡದೆ ಊರಾಚೆ ಹೋಗ್ತೀವಿ ಅಂದ್ರೆ?" ನನ್ನ ದನಿ ಆಗಲೇ ಮೇಲೇರಿತ್ತು.

ಮ್ಯಾನೇಜರು ನಿಜವಾಗಿಯೂ ಬೆರಗಾದರು. ಅವರು ಮೋಸಗಾರರಲ್ಲ. ಮೋಸಗಾರರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. "ಕೇಳಿದೆನಲ್ಲಮ್ಮ! ಮೀಟಿಂಗ್ ಕರೆದು ಕೇಳಿದ್ರೆ ನೀವೆಲ್ಲ ತಲೆ ತಗ್ಗಿಸ್ಕೊಂಡು ನಿಲ್ತೀರಿ. ಅದಕ್ಕೇ ಬರೆಸಿದ್ದು. ಬರೆಯುವಾಗ ಮನಸ್ಸಲ್ಲಿರೋದು ಹೊರಗೆ ಬರುತ್ತೆ ಅಂದ್ಕೊಂಡೆ."

"ಸಾರ್, ಆ ಕೊನೇ ವಾಕ್ಯ ಅವರದಲ್ಲ, ನಂದು. ಪರೀಕ್ಷೆಗೋಸ್ಕರ ನಾನೇ ಬಾಯಿಪಾಠ ಮಾಡಿಸಿದ್ದು" ಎಂದರು ಮೇಷ್ಟ್ರು. ದನಿ ಬಾವಿಯೊಳಗಿನಿಂದ ಬಂದಂತಿತ್ತು.

ಮ್ಯಾನೇಜರು ಅವರನ್ನೂ ನಮ್ಮನ್ನೂ ಬದಲಿಸಿ ಬದಲಿಸಿ ನೋಡಿದರು. "ಎಲ್ಲರಿಗೂ?"

"ಎಲ್ಲರಿಗೂ."

"ಹಾಗಾದ್ರೆ ಅವರ ಅಭಿಪ್ರಾಯ?"

"ಅದನ್ನ ಹೇಗೆ ಬರೆಯೋದು ಅಂತ ನಾನಿನ್ನೂ ಕಲಿಸಿಲ್ಲ ಸಾರ್."

ಮ್ಯಾನೇಜರು ಕುರ್ಚಿಯಲ್ಲಿ ಕುಸಿದರು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಿದ್ದೆ. ಆದರೆ ತಂಗಿ ಮೆಲ್ಲಗೆ, "ಯಜಮಾನರ ಹತ್ತಿರ ನಾನೇ ಮಾತಾಡ್ತೀನಿ, ಫೋನ್ ಮಾಡಿಕೊಡಿ" ಎಂದಳು. ಲ್ಯಾಂಪು ಇನ್ನೂ ಅವಳ ಕಂಕುಳಲ್ಲೇ ಇತ್ತು. ಮ್ಯಾನೇಜರು ಮರುಮಾತಾಡದೆ ನಂಬರ್ ಒತ್ತಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು.

"ಓಹೋ, ಬಹುಮಾನ ಬಂದವರು ನೀವೇನಾ?" ಯಜಮಾನರ ದನಿ ವಯಸ್ಸಾದ, ಅಕ್ಕರೆಯ ದನಿ. ಬಯ್ಯಲು ಅದರಲ್ಲಿ ಒಂದು ಮೂಲೆಯೂ ಸಿಗಲಿಲ್ಲ. "ನಿಮ್ಮದನ್ನ ಎರಡು ಸಲ ಓದಿದೆನಮ್ಮ. ಮಗು ಹಸಿದು ಅಳುತ್ತೆ ಅಂತ ಬರೆದಿದ್ದಿರಲ್ಲ, ಅಲ್ಲಿಗೆ ಬಂದಾಗ ನನ್ನ ಮನಸ್ಸು ಹಿಂದೇಟು ಹಾಕಿತು. ಬೇಡ, ಇಲ್ಲೇ ಇರೋಣ ಅಂತಲೇ ಅಂದ್ಕೊಂಡೆ. ಆಮೇಲೆ ಕೆಳಗೆ ನೋಡಿದ್ರೆ, ಅಷ್ಟಾದರೂ ಅನುಕೂಲಗಳೇ ಹೆಚ್ಚು ಅಂತ ದೃಢವಾಗಿ ಹೇಳಿದ್ದೀರಿ! ಒಬ್ಬ ತಾಯಿಯೇ ಇಷ್ಟು ದೊಡ್ಡ ಮನಸ್ಸು ಮಾಡಿರುವಾಗ ನಾನ್ಯಾಕೆ ಹೆದರಲಿ ಅಂತ ಬೆಳಗ್ಗೆ ಸಹಿ ಹಾಕಿಬಿಟ್ಟೆ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಎನ್ನುವುದನ್ನು ಕೇಳಿದ್ದೆ. ನನ್ನ ತಂಗಿ ಹಗ್ಗವನ್ನು ನೀಟಾಗಿ ಹೊಸೆದು, ಅದಕ್ಕೆ ಬಹುಮಾನವನ್ನೂ ಇಸಿದುಕೊಂಡಿದ್ದಳು.

"ಸಾರ್, ಆ ಸಾಲು..." ತಂಗಿ ಫೋನಿನ ಕಡೆ ಬಾಗಿದಳು. "ಆ ಸಾಲು ನಾಯಿ ಬಗ್ಗೆ ಬರೆಯೋಕೆ ಕಲಿಸಿದ್ದು ಸಾರ್."

"ಏನಂದ್ರಿ?"

"ನಾಯಿ ಸಾಕೋದರ ಬಗ್ಗೆ. ಸೈಕಲ್ ಬಗ್ಗೆ. ಎಲ್ಲದಕ್ಕೂ ಅದೇ ಸಾಲು. ಇದೂ ಹಾಗೇ ಅಂದ್ಕೊಂಡು ಬರೆದುಬಿಟ್ಟೆ. ಮಗು ಮಾತ್ರ ನಿಜ ಸಾರ್. ಅದು ನನ್ನ ಮಗು."

ಯಜಮಾನರು, "ಅಯ್ಯೋ ದೇವರೇ" ಎಂದರು. "ನೀವೀಗ ಇರೋ ಕಟ್ಟಡವನ್ನ ಬೇರೆಯವರಿಗೆ ಕೊಡ್ತೀನಿ ಅಂತ ಮಾತು ಕೊಟ್ಟು ಬರೆದೂ ಕೊಟ್ಟೆನಲ್ಲಮ್ಮ. ಈಗ ಬಿಟ್ಟು ಏಳಲೇಬೇಕು."

ತಂಗಿ ಅಳಲಿಲ್ಲ, ಕಿರುಚಲಿಲ್ಲ. ಆಯ್ತು ಸಾರ್ ಎಂದು, ಫೋನನ್ನು ಮ್ಯಾನೇಜರ ಕಡೆ ತಿರುಗಿಸಿಟ್ಟು ಹೊರಗೆ ಬಂದಳು. ಕಾರಿಡಾರಿನಲ್ಲಿ ನಾನು ಲ್ಯಾಂಪಿಗೆ ಕೈ ಹಾಕಿ, "ಇದನ್ನ ಅವರ ಮುಖದ ಮೇಲೆ ಎಸೆದು ಬಾ" ಎಂದೆ.

"ಯಾಕೆ ಎಸೀಲಿ? ನಾನು ಚೆನ್ನಾಗೇ ಬರೆದಿದ್ದೆ" ಎಂದು ಕಸಿದುಕೊಂಡಳು. ಅವಳು ಮಕ್ಕಳ ಹಾಗೆ ಹಟ ಮಾಡಿದ್ದು ನೋಡಿ ನಾನು ಮತ್ತೆ ಕೈ ಹಾಕಲಿಲ್ಲ.

ಮೇಷ್ಟ್ರು ಮಾರನೆಯ ದಿನ ಮನೆಗೆ ಬಂದರು. ಅಮ್ಮ ಅವರಿಗೆ ನೀರು ಕೊಟ್ಟಳು, ನಾನು ಮಂಗಳಾರತಿ ಮಾಡಿದೆ. ಎಷ್ಟು ಬಯ್ದರೂ ಅವರು ತಲೆಯೆತ್ತಲಿಲ್ಲ. ಯಜಮಾನರ ಮನೆ ಬಾಗಿಲಿಗೂ ಹೋಗಿ ಬಂದಿದ್ದರಂತೆ. ಅಲ್ಲಿ ಸಿಕ್ಕ ಉತ್ತರವೂ ಅದೇ, ಬರೆದು ಕೊಟ್ಟಾಯಿತು ಎಂದು. ಪುಟ್ಟಿ ಅವರನ್ನು ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಅವರು ತಟ್ಟನೆ ಎದ್ದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟುಹೋದರು.

ಆ ತಿಂಗಳೆಲ್ಲ ನಮ್ಮ ಮನೆಯಲ್ಲಿ ಬಾಟಲಿಯ ಯುದ್ಧ. ಅಮ್ಮ ಜೋಗುಳ ಹಾಡಿ ಕುಡಿಸಲು ನೋಡಿದಳು, ನಾನು ಕೋತಿಯ ಹಾಗೆ ಕುಣಿದು ಬಾಯಿ ತೆರೆಸಲು ನೋಡಿದೆ. ತಂಗಿ ತನ್ನ ಹಳೆಯ ಸೀರೆಯ ತುಂಡನ್ನು ಬಾಟಲಿಗೆ ಸುತ್ತಿಕೊಟ್ಟು, ಬಾಗಿಲ ಹಿಂದೆ ನಿಂತು ಉಸಿರು ಬಿಗಿಹಿಡಿಯುತ್ತಿದ್ದಳು. ಕೂಸು ವಾಸನೆ ಹಿಡಿದು ಆಸೆಯಿಂದ ಬಾಯಿ ಹಾಕುವುದು, ಮರುಕ್ಷಣವೇ ಮೋಸ ಗೊತ್ತಾಗಿ ಕಿರುಚುವುದು. ಬೇರೆ ಕಡೆ ಕೆಲಸ ಕೇಳಿದೆವು. ಹಾಲೂಡುವ ತಾಯಿ ಎಂದ ಕೂಡಲೇ ಎಲ್ಲರೂ, ಮಗು ದೊಡ್ಡದಾದ ಮೇಲೆ ಬಾಮ್ಮ ಎನ್ನುತ್ತಿದ್ದರು. ತಂಗಿಯ ಗಂಡ ಫೋನಿನಲ್ಲಿ, ನೀನೇ ಯೋಚಿಸಿ ಮಾಡು ಎಂದ. ಅವನು ಯಾವತ್ತೂ ಅಷ್ಟೇ, ಯೋಚನೆಯನ್ನು ನಮಗೇ ದಾನ ಮಾಡಿಬಿಡುತ್ತಾನೆ.

ಹೊಸ ಕಟ್ಟಡದ ಮೊದಲ ದಿನ ಬಸ್ಸು ಊರು ದಾಟಿ, ಬಯಲು ದಾಟಿ, ಇನ್ನೂ ಹೋಗುತ್ತಲೇ ಇತ್ತು. ತಂಗಿ ಹತ್ತುವ ಮೊದಲು ಕೂಸಿಗೆ ಹೊಟ್ಟೆ ತುಂಬ ಕುಡಿಸಿ ಬಂದಿದ್ದಳು. ಹೊಸ ರೋಲರಿನ ಮುಂದೆ ನಿಂತು ಬೆಡ್‌ಶೀಟಿನ ತುದಿ ಹಿಡಿದಾಗಲೂ ಅವಳ ಕೈ ಒಂದು ಸಲವೂ ಸಡಿಲವಾಗಲಿಲ್ಲ. ಇವಳು ಗಟ್ಟಿಯಾದಳು, ಹೇಗೋ ನಡೆದುಹೋಗುತ್ತದೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ.

ಊಟದ ಗಂಟೆ ಹೊಡೆಯಿತು. ಎಲ್ಲರೂ ಡಬ್ಬಿ ಹಿಡಿದು ಹೋದರು, ಕೈಯಲ್ಲಿದ್ದ ಬೆಡ್‌ಶೀಟ್ ಮುಗಿಸಲು ನಾವಿಬ್ಬರೂ ಉಳಿದೆವು. ಅಷ್ಟರಲ್ಲಿ ನನ್ನ ಫೋನಿಗೆ ಅಮ್ಮ ಕರೆ ಮಾಡಿದಳು.

"ಒಂದು ಹನಿನೂ ಇಳಿಸ್ತಿಲ್ಲ ಕಣೆ. ಬೆಳಗಿಂದ ಅತ್ತೂ ಅತ್ತೂ ದನಿ ಬಿದ್ದುಹೋಗಿದೆ. ಅವಳಿಗೆ ಹೇಳ್ಬೇಡ, ಏನು ಮಾಡ್ಲಿ ಅಂತ ನೀನು ಹೇಳು."

ಅಮ್ಮನ ಮಾತಿನ ಹಿಂದೆ ಕೂಸಿನ ಅಳು ಕೇಳುತ್ತಿತ್ತು. ಅದು ಅಳುವಿನ ಹಾಗೂ ಇರಲಿಲ್ಲ, ಗೊಗ್ಗರು ಗೊಗ್ಗರಾಗಿ ಎಳೆಯುತ್ತಿತ್ತು. ನಾನು ಫೋನನ್ನು ಕಿವಿಗೆ ಒತ್ತಿಹಿಡಿದೆ. ಆದರೂ ಆ ಸದ್ದು ಹೊರಗೆ ಸೋರಿತು. ತಂಗಿ ಬೆಡ್‌ಶೀಟಿನ ಆ ತುದಿಯಲ್ಲಿ ನಿಂತು ಕೇಳಿಸಿಕೊಂಡಳು. ನೋಡನೋಡುತ್ತಿದ್ದ ಹಾಗೆ ಅವಳ ಏಪ್ರನ್ನಿನ ಎದೆ ಎರಡೂ ಕಡೆ ಒದ್ದೆಯಾಗಿ, ಒದ್ದೆ ಹರಡಿಕೊಂಡು ಕೆಳಗಿಳಿಯಿತು.

ಅವಳು ಬೆಡ್‌ಶೀಟ್ ಬಿಟ್ಟು, ಕಲೆ ತೆಗೆಯುವ ಕೋಣೆಯ ಕಡೆ ನಡೆದಳು. ನಾನು ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಹೊಸ ಸ್ಟೀಲ್ ಸಿಂಕ್ ಇತ್ತು, ಯಾರೂ ಇನ್ನೂ ಮುಟ್ಟದೆ ಕನ್ನಡಿಯಂತೆ ಹೊಳೆಯುತ್ತಿತ್ತು. "ಕಲ್ಲು ಕಟ್ಟಿದ ಹಾಗಾಗಿದೆ ಅಕ್ಕ, ತಡೆಯೋಕೆ ಆಗಲ್ಲ" ಎಂದು ರವಿಕೆಯ ಗುಂಡಿ ಬಿಚ್ಚಿ, ಸಿಂಕಿನ ಮೇಲೆ ಬಾಗಿ, ಹಲ್ಲು ಕಚ್ಚಿಕೊಂಡು ಹಿಂಡತೊಡಗಿದಳು. ಹಾಲು ಸಣ್ಣ ಸಣ್ಣ ಧಾರೆಯಾಗಿ ಸ್ಟೀಲಿನ ಮೇಲೆ ಸದ್ದು ಮಾಡುತ್ತಾ ಬಿತ್ತು. ನನ್ನ ಮುಷ್ಟಿಯಲ್ಲಿ ಫೋನು ಇನ್ನೂ ಅಳುತ್ತಿತ್ತು. ಎಲ್ಲದಕ್ಕೂ ಸಿಟ್ಟಾಗುವ ನನಗೆ ಆಗ ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ಗರ ಬಡಿದವಳ ಹಾಗೆ ನಿಂತಿದ್ದೆ.

ಹಿಂಡಿ ಮುಗಿದ ಮೇಲೂ ತಂಗಿ ತಲೆಯೆತ್ತದೆ ಸಿಂಕಿನೊಳಗೇ ನೋಡುತ್ತಿದ್ದಳು.

"ನಲ್ಲಿ ನೀನೇ ಬಿಡಕ್ಕ. ನನ್ನ ಕೈಲಿ ಆಗಲ್ಲ" ಎಂದಳು.

ನಾನು ನಲ್ಲಿ ತಿರುಗಿಸಿದೆ.